ಹದಿನಾಲ್ಕನೆಯ ನಿಮಿಷ

ವಾಘಡೋಹಕ್ಕೆ ರಸ್ತೆಯಿಲ್ಲ.
ಭೀಮಾಶಂಕರದ ಆಚೆ ಎಸ್‌ಟಿ ಬಸ್ಸು ತಿರುಗುವಲ್ಲಿ ಇಳಿದು
ಮೂರೂವರೆ ತಾಸು ಹತ್ತಬೇಕು, ಕಾರವಿ ಪೊದೆ ಸರಿಸುತ್ತ,
ಬೆನ್ನಿಗೆ ಐಸಿನ ಡಬ್ಬಿ.
ಮೇಲೆ, ಕರಿಬಂಡೆಯ ಬೊಗಸೆಯಲ್ಲಿ
ಒಂದು ಗುಟುಕು ನೀರು.
ಹೊಲವಿಲ್ಲ, ಕಾರ್ಖಾನೆಯಿಲ್ಲ, ಹೋಟೆಲಿನ ಮೋರಿಯೂ ಇಲ್ಲ.
ತಳದ ಕಲ್ಲು ಎಣಿಸಬಹುದು.

ಅದಕ್ಕೇ ಆರಿಸಿದ್ದೆವು ಅದನ್ನು.
ಊರ ಕೆರೆಗಳ ಕೊಳೆ ಅಳೆಯಲು
ಕೊಳೆಯೇ ಇಲ್ಲದ ಜಾಗವೊಂದು ಬೇಕು,
ತಕ್ಕಡಿಗೆ ಸೊನ್ನೆ ಬೇಕಾದಂತೆ.

ಠಕೂಬಾಯಿ ಮೊಣಕಾಲುದ್ದ ನೀರಲ್ಲಿ ನಿಂತು
ಬಿದಿರಿನ ಬುಟ್ಟಿ ಎತ್ತಿದಳು: ಎಂಟು ವಾಂಬ.
ನಮ್ಮ ಕಡೆ ಹಾವುಮೀನು ಅನ್ನುತ್ತೇವೆ.
ಒಂದರ ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ
"ಈಗೀಗ ಗಂಡೋ ಹೆಣ್ಣೋ ತಿಳಿಯೋದಿಲ್ಲ" ಎಂದಳು,
ಅಕ್ಕಿಯಲ್ಲಿ ಕಲ್ಲು ಜಾಸ್ತಿ ಅನ್ನುವ ದನಿಯಲ್ಲಿ.
ಆರು ನನಗೆ ಕೊಟ್ಟಳು.
ಎರಡನ್ನು ಸೆರಗಿಗೆ ಕಟ್ಟಿಕೊಂಡಳು, ರಾತ್ರಿಯ ಸಾರಿಗೆ.

ಪಾಷಾಣದ ಲ್ಯಾಬಿನಲ್ಲಿ ಭಾನುವಾರ ನಾನೊಬ್ಬಳೇ.
ಕೊಬ್ಬು ಕರಗಿಸಿ, ಸೋಸಿ, ಒಂದು ಹನಿಗೆ ಇಳಿಸಿ
ಯಂತ್ರಕ್ಕೆ ಕುಡಿಸಿದೆ. ಗೆರೆ ಮಲಗಿಕೊಂಡೇ ನಡೆಯಿತು
ಹತ್ತು, ಹನ್ನೆರಡು, ಹದಿಮೂರು.
ಹದಿನಾಲ್ಕನೆಯ ನಿಮಿಷಕ್ಕೆ ಎದ್ದು ನಿಂತಿತು.
ಗಾಜು ತೊಳೆದು ಮತ್ತೆ ಹಾಕಿದೆ.
ಮತ್ತೆ ಅಲ್ಲೇ ಎದ್ದಿತು.
ಇಪ್ಪತ್ತಾರು ವರ್ಷದಿಂದ ನೋಡಿದ ಮುಖ.
ಡಿಡಿಟಿ ಸವೆದ ಮೇಲೆ ಉಳಿಯುವ ಎಲುಬು.

ಅಪ್ಪ ಮಲೇರಿಯಾ ಖಾತೆಯಲ್ಲಿದ್ದವರು.
ಜುನ್ನರ, ಆಂಬೇಗಾವ್, ಹಾದಿ ಮುಗಿಯುವ ವಾಡಿಗಳು,
ಹೆಗಲಿಗೆ ಹಿತ್ತಾಳೆ ಪಂಪು.
ಗೋಡೆಗೆಲ್ಲ ಬಿಳಿ ಹೊಡೆದು ಬಾಗಿಲಿಗೆ ಗೇರುವಿನಲ್ಲಿ
ತಾರೀಖು ಬರೆಯುತ್ತಿದ್ದರು, ದುಂಡಗೆ.
ಆ ವರ್ಷ ಆ ವಾಡಿಗಳಲ್ಲಿ
ಕಂಬಳಿಯೊಳಗೆ ನಡುಗಿದವರು ಕಡಿಮೆ.
ಇದನ್ನವರು ಎಷ್ಟು ಸಲ ಹೇಳಿದ್ದಾರೋ.
ಸುಳ್ಳಲ್ಲ.

ದಾಪೋಡಿಯ ಮನೆಯಲ್ಲಿ ಚಹಾ ಆರುವ ತನಕ
ನನ್ನ ಕಾಗದ ಹಿಡಿದು ಕೂತರು.
"ನಾ ಅಲ್ಲೀತನಾ ಹತ್ತೇ ಇಲ್ಲವ್ವಾ."
ಅಪ್ಪಾ, ಅದು ಸೊಲ್ಲಾಪುರದ ಪ್ಯಾಸೆಂಜರ್ ಗಾಡಿಯ ಹಾಗೆ ಅಂದೆ.
ಬಿಸಿಲಿಗೆ ಗೋಡೆ ಬಿಟ್ಟು ಏಳುತ್ತದೆ,
ಗಾಳಿ ತಣ್ಣಗಾದಲ್ಲಿ ಇಳಿಯುತ್ತದೆ, ಮುಂದಿನ ಬೇಸಗೆಗೆ ಮತ್ತೆ ಹತ್ತುತ್ತದೆ.
ಬೆಟ್ಟದ ಮೇಲೆ ಮಂಜು, ಮಳೆ, ಥಂಡಿ.
ಅಲ್ಲಿ ಇಳಿದದ್ದಕ್ಕೆ ವಾಪಸು ಟಿಕೇಟಿಲ್ಲ.
ನೀರು ಅದಕ್ಕೆ ಸೇರದು, ಕೊಬ್ಬು ಸೇರುತ್ತದೆ.
ಕೆಸರಿನಿಂದ ಹುಳಕ್ಕೆ, ಹುಳದಿಂದ ಮೀನಿಗೆ.

"ನಂದ ಏನು ಅದು? ತಾರೀಖು ಇರತದೇನು?"
ಇರುವುದಿಲ್ಲ.
ನಿಮ್ಮದಿರಬಹುದು, ಕೆಳಗಿನ ಹತ್ತಿ ಹೊಲಗಳದಿರಬಹುದು,
ಯಾರೂ ಹೆಸರಿಡದ ಯಾವುದೋ ಗೋದಾಮಿನದಿರಬಹುದು.
"ಮೀನಕ್ಕ ತ್ರಾಸ ಆಗತದೇನು?"
ಕೊಬ್ಬಿರುವ ತನಕ ಇಲ್ಲ ಅಂದೆ.
ಏಪ್ರಿಲ್‌ನಲ್ಲಿ ಹಸಿವಾದಾಗ ಕೊಬ್ಬು ಕರಗುತ್ತದೆ,
ಆಗ ಅಡಗಿದ್ದೆಲ್ಲ ರಕ್ತಕ್ಕೆ ಬರುತ್ತದೆ,
ಜೂನಿನ ಹೊತ್ತಿಗೆ ಮೊಟ್ಟೆಗೆ.

ಅವರು ಮುಂದೆ ಕೇಳಲಿಲ್ಲ.
ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು.
ಖಾಕಿ ಅಂಗಿ ನೆನಪಾಯಿತು, ಅದನ್ನು ಕಲ್ಲಿಗೆ ಬಡಿಯುವ ಅವ್ವ,
ಬಿಳೀ ನೀರು, ಆಮೇಲೆ ಸೆರಗಿಗೆ ಕೈ ಒರೆಸಿ
ನನ್ನನ್ನು ಹಾಲಿಗೆ ಎತ್ತಿಕೊಳ್ಳುವುದು.
ಅವ್ವನೇ ಹೇಳಿದ್ದು ಇದು, ನನಗೆ ಕಂಡ ಹಾಗೆ ಅನ್ನಿಸುತ್ತದೆ.
ನನ್ನದೊಂದು ಹನಿ ರಕ್ತ ಯಂತ್ರಕ್ಕೆ ಸಾಕು.
ಇನ್ನೂ ಹಾಕಿಲ್ಲ.

ವರದಿಯಲ್ಲಿ 'ಹೋಲಿಕೆಗೆ ಶುದ್ಧ ಜಾಗ' ಎಂಬ ಕಾಲಂ ಇದೆ.
ಸಾಹೇಬರು ಬೇರೆ ಕೊಳ ಹುಡುಕು ಅಂದಿದ್ದಾರೆ, ಇನ್ನೂ ಎತ್ತರದ್ದು.
ನಕಾಶೆ ಬಿಚ್ಚಿ ಇಟ್ಟಿದ್ದೇನೆ.
ದೀಪಾವಳಿಯ ಮೇಲೆ ವಾಘಡೋಹಕ್ಕೂ ಹೋಗಬೇಕು,
ಠಕೂಬಾಯಿಯ ನಾನೂರು ರೂಪಾಯಿ ಬಾಕಿ ಇದೆ.
ಆ ಎರಡು ಮೀನಿನ ಮಾತು
ಮರಾಠಿಯಲ್ಲಿ ಹೇಗೆ ಎತ್ತುವುದು ಅಂತ
ಬಸ್ಸಿನಲ್ಲಿ ಯೋಚಿಸುತ್ತೇನೆ.