ಖಾಲಿ ಜಾಗದ ಲೆಕ್ಕ

ಕಾರಟಗಿಯ ರೈಸ್ ಮಿಲ್ಲಿನಲ್ಲಿ ಶನಿವಾರವೆಂದರೆ
ಬಟವಾಡೆ.
ತೂಕದ ಮನೆಯ ಯಂತ್ರ ವಾರವಿಡೀ ಉಗುಳಿದ ಫೈಲು
ನನ್ನ ಮುಂದಿದೆ: ತಾರೀಖು, ಲಾರಿ, ಹೆಸರು, ಚೀಲ,
ನಡುನಡುವೆ ಖಾಲಿ ಜಾಗ.
ಸಾಹುಕಾರರಿಗೆ ಬೇಕಾದದ್ದು ಬೇರೆ:
ಮೊದಲು ಹೆಸರು, ಆಮೇಲೆ ಚೀಲ, ಆಮೇಲೆ ಕೂಲಿ,
ಲಾರಿ ಬೇಡವೇ ಬೇಡ.

ಕಪ್ಪು ತೆರೆಯ ಮೇಲೆ ಮಿಣುಕುವ ಒಂದು ಬಿಳಿ ಕಡ್ಡಿ.
ಕೀಬೋರ್ಡಿನ ಸಂದಿಗೆಲ್ಲ ತೌಡು.
ಈ ಕೆಲಸ ಮಾಡುವುದರ ಹೆಸರು ಆಕ್,
ನಮ್ಮ ಕಡೆ ಆಕಿ ಅಂದಂಗ.
ಆಕಿ ಹೆಚ್ಚು ಮಾತಾಡುವವಳಲ್ಲ.
ಸಾಲು ಸಾಲೇ ಓದುತ್ತಾಳೆ, ಖಾಲಿ ಕಂಡಲ್ಲಿ ಹರಿಯುತ್ತಾಳೆ,
ಡಾಲರ್ ಮೂರು ಅಂದರೆ ಮೂರನೇ ತುಂಡು ಕೈಗಿಡುತ್ತಾಳೆ.

"ಡಾಲರ್ ಬಂದಾವೇನ್ರೀ ಅಕ್ಕಾರ?"
ಕಿಟಕಿಗೆ ಹಣೆ ಹಚ್ಚಿ ನೋಡುತ್ತಿದ್ದ ಖಾಜಾಹುಸೇನ ನಕ್ಕ.
ಬಂದಾವಪ್ಪ. ಖರ್ಚಿಗೆ ಬರೂದಿಲ್ಲ.

ಹೋದ ಶನಿವಾರದ ಪಟ್ಟಿಯಲ್ಲಿ
'ಸಣ್ಣ' ಅಂತೊಬ್ಬನಿದ್ದ, ಅವನ ಮುಂದೆ ಸೊನ್ನೆ.
'ದೊಡ್ಡ' ಅಂತೊಬ್ಬ, ಅವನಿಗೂ ಸೊನ್ನೆ.
ಇಬ್ಬರೂ ದುರುಗಪ್ಪಗಳೇ. ದೊಡ್ಡವನು ಕುಳ್ಳ,
ಸಣ್ಣವನಿಗೆ ಮೊಮ್ಮಕ್ಕಳು.
ಹೆಸರಿನ ನಡುವೆ ಬಿಟ್ಟ ಉಸಿರಿನಷ್ಟು ಜಾಗದಲ್ಲಿ
ಆಕಿ ಅವರನ್ನು ಹರಿದಿದ್ದಳು:
ಸಣ್ಣ ಮೂರನೇ ಕಾಲಮ್ಮಿಗೆ, ದುರುಗಪ್ಪ ನಾಲ್ಕಕ್ಕೆ,
ಚೀಲದ ಅಂಕಿ ಇನ್ನೂ ಆಚೆ, ಯಾರೂ ಕೇಳದ ಐದಕ್ಕೆ.
ಅಂಕಿ ನಿಲ್ಲಬೇಕಾದಲ್ಲಿ ಹೆಸರು ನಿಂತರೆ
ಯಾವ ರೇಟಿಗೆ ಗುಣಿಸಿದರೂ ಸೊನ್ನೆ.
ತಪ್ಪು ಅಂತ ಆಕಿ ಕೂಗಲಿಲ್ಲ. ನಾನೂ ನೋಡಲಿಲ್ಲ.

ಸಣ್ಣ ದುರುಗಪ್ಪ ಜಗಳ ತೆಗೆಯಲಿಲ್ಲ.
ಕಾಗದ ತಿರುವಿ ಹಿಂದೆಯೂ ನೋಡಿದ.
"ಇನ್ನೂರಾ ಹನ್ನೆರಡು," ಅಂದ.
"ಬೆನ್ನು ಮರೀತೈತೇನವ್ವ?"

ಈ ವಾರ ಹಿಂದಿನಿಂದ ಎಣಿಸಿದೆ.
ಸಾಲು ಎಷ್ಟೇ ಉದ್ದವಿರಲಿ, ಕಟ್ಟಕಡೆಯದು ಚೀಲ.
ಮೊದಲೆರಡು ತೆಗೆ, ಕಡೆಯದು ತೆಗೆ,
ನಡುವೆ ಉಳಿದದ್ದೆಲ್ಲ ಮನುಷ್ಯ,
ಒಂದು ಪದವಿರಲಿ, ನಾಲ್ಕಿರಲಿ,
ಬಸವಣ್ಣ ಕ್ಯಾಂಪಿನ ಸತ್ತೆಮ್ಮನೂ
ಮೇಸ್ತ್ರಿ ಬರೆಸಿದ ಹಾಗೆಯೇ ಇಡಿಯಾಗಿ ಬಂದಳು.

ಅಚ್ಚು ತೆಗೆದರೆ ಮಾತ್ರ ಗೋಡೆ ಸೊಟ್ಟ.
ಹೆಸರಿಗೆ ಇಪ್ಪತ್ತು ಮನೆ ಕೊಡು ಅಂದಿದ್ದೆ.
ದುರುಗಪ್ಪ: ನನ್ನ ಕಣ್ಣಿಗೆ ನಾಲ್ಕಕ್ಷರ.
ಆಕಿ ಎಂಟು ಎಣಿಸುತ್ತಾಳೆ,
ಕೊಂಬು ಬೇರೆ, ಪ ಬೇರೆ, ಅದರ ಕಾಲಿಗೆ ಬಿದ್ದ ಪ ಬೇರೆ,
ಎರಡನ್ನೂ ಕಟ್ಟಿದ ಕಾಣದ ಗಂಟೂ ಒಂದು.
ಶಾಲೆಯಲ್ಲಿ ಒತ್ತು ತಪ್ಪಿದರೆ ಬೆರಳ ಗೆಣ್ಣಿಗೆ ರೂಲುದೊಣ್ಣೆ,
ಇಲ್ಲಿ ಸರಿಯಾಗಿ ಬರೆದದ್ದಕ್ಕೇ ಪೆಟ್ಟು.
ಅಂಕಿಗಳು ಹಲಗೆಯ ಮೇಲೆ ಚೀಲ ಹೊತ್ತವರಂತೆ
ಅತ್ತ ಒಂದು ಹೆಜ್ಜೆ, ಇತ್ತ ಒಂದು.

ಎಂಟೂವರೆಗೆ ಪಾಲಿಶ್ ಯಂತ್ರ ನಿಂತಿತು.
ಅಂಕಿಗಳನ್ನೆಲ್ಲ ಎಡಕ್ಕೆ ತಂದೆ, ಒಂದರ ಕೆಳಗೊಂದು.
ಹೆಸರನ್ನು ಕಡೆಗೆ ಇಟ್ಟೆ.
ಅದರಾಚೆ ಕಾಲಂ ಇಲ್ಲ, ಕಾಗದದ ಅಂಚಷ್ಟೇ.
ಸಾಹುಕಾರರು ಮೊದಲು ಹೆಸರು ಅಂದಿದ್ದರು,
ಅವರಿಗೆ ಸೋಮವಾರ ಹೇಳಿದರಾಯಿತು.

ಸಣ್ಣ ದುರುಗಪ್ಪ ಬೆರಳಿಟ್ಟು ಹುಡುಕಿದ, ಸಿಕ್ಕ.
"ನನ್ನ ಯಾಕ ಕಡೀಕ ಒಗದಿ, ಹುಲಿಗೆಮ್ಮ?"
ಕಡೀಕ ಜಾಗ ಐತಿ ಕಾಕಾ,
ಕಾಲು ಚಾಚಬಹುದು.

ಹ್ಞೂಂ ಅಂದ. ರೊಕ್ಕ ಎರಡು ಸಲ ಎಣಿಸಿದ,
ಹೋದ ವಾರದ್ದೂ ಸೇರಿತ್ತಲ್ಲ,
ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ.