ಷರಾ

ಮೂವತ್ತೊಂದು ವರ್ಷ ಬರೆದೆ
ಬಾದಾಮಿಯ ಕಚೇರಿಯೆದುರು, ಬೇವಿನ ಬುಡದಲ್ಲಿ,
ತಗಡಿನ ಪೆಟ್ಟಿಗೆಯೇ ಮೇಜು.
ನಿಧಿ, ನಿಕ್ಷೇಪ, ಜಲ, ತರು, ಪಾಷಾಣ
ಬರೆದೂ ಬರೆದೂ ಬೆರಳಿಗೇ ಬಾಯಿಪಾಠ.
ನಿದ್ದೆಯಲ್ಲಿ ಹೆಂಡತಿಯ ಬೆನ್ನ ಮೇಲೂ ಬರೆದಿದ್ದೇನಂತೆ
'ಸದರಿ ಸ್ವತ್ತು ಆಚಂದ್ರಾರ್ಕ'.
ಅವಳು ಹೇಳಿದ್ದು. ನಾನು ಒಪ್ಪಿಲ್ಲ.

ಈಗ ಹೊಸ ಕಾಯ್ದೆ, ಹೊಸ ನಮೂನೆ.
ಇ-ಖಾತೆ ಇಲ್ಲದ ಗೋಡೆ ಗೋಡೆಯಲ್ಲ,
ಫೋನು ಕುಂಯ್ ಅಂದರೆ ಮಾತ್ರ ಹಣ ಹಣ,
ಹೆಬ್ಬೆರಳಿಗೆ ಮಸಿ ಬೇಡ, ಕೆಂಪು ಬೆಳಕಿನ ಡಬ್ಬಿ ಸಾಕು.
ಮನೆಯ ಫೋಟೋ ತೆಗೆದರೆ ಅಕ್ಷಾಂಶ ರೇಖಾಂಶಗಳು
ತಾವೇ ಬಂದು ಮೂಲೆಯಲ್ಲಿ ಕೂರುತ್ತವೆ
ಕರೆಯದೆ ಬಂದ ಬೀಗರ ಹಾಗೆ.

ದೂರುವುದಿಲ್ಲ.
ಒಂದೇ ಹೊಲವನ್ನು ಮೂವರಿಗೆ ಮಾರಿದ ಪತ್ರಗಳನ್ನು
ಬರೆದದ್ದು ಇದೇ ಕೈ.
ಎರಡು ಸಲ ಗೊತ್ತಿಲ್ಲದೆ, ಒಂದು ಸಲ ಗೊತ್ತಿದ್ದೂ.
ಆ ದಿನದ ಮುನ್ನೂರು ರೂಪಾಯಿಗೆ
ಮಗಳಿಗೆ ಪಾಟಿಚೀಲ ತಂದೆ.
ಯಂತ್ರಕ್ಕೆ ಮಗಳಿಲ್ಲ. ಒಳ್ಳೆಯದೇ.

ಮೊನ್ನೆ ಗುಳೇದಗುಡ್ಡದಿಂದ ಬಂದರು.
ಮಾರುವವಳು ಬನಶಂಕರೆವ್ವ,
ಕೊಳ್ಳುವವ ಮುರಿಗೆಪ್ಪ, ಖಣದ ವ್ಯಾಪಾರಿ,
ಸಾಕ್ಷಿಗೆ ಪಕ್ಕದ ಮನೆಯ ಖಾಜಾಬಿ.
ಮಗ್ಗದ ಕುಣಿ ಮುಚ್ಚಿ ನೆಲ ಗಾರೆ ಮಾಡಿದ
ಎರಡಂಕಣದ ಮನೆ. ಇನ್ನು ಗೋದಾಮು.
"ಏನರ ಬಿಡು, ಖರೆ ಆ ಕಿಂಡಿ ಮಾತು ಬಿಡಬ್ಯಾಡ"
ಅಂದಳು ಬನಶಂಕರೆವ್ವ, ಚೀಲದಿಂದ ತೆಗೆದಳು
ಮಡಿಕೆ ಮಡಿಕೆಗೆ ಹರಿದ ಹಳೆಯ ಪತ್ರ.
ಬರೆದವನು ನನ್ನ ಗುರುವಿನ ಗುರು, ಮುತ್ತಿನಂಥ ಅಕ್ಷರ:

'ಪಡುವಲ ಗೋಡೆಯಲ್ಲಿ ಗೇಣುದ್ದದ ಕಿಂಡಿ ಇರುತ್ತದೆ.
ಸದರಿ ಕಿಂಡಿಯು ಉಭಯತರಿಗೂ ಸಾಮಾಯಿಕ.
ಅದರೊಳಗಿಂದ ಕೆಂಡ, ಮಜ್ಜಿಗೆ, ಬಾಣಂತಿಯ ಸುದ್ದಿ
ಹಾಯಲು ಯಾರೂ ತಂಟೆ ತಕರಾರು ಮಾಡತಕ್ಕದ್ದಲ್ಲ.'

"ಸುರಕುಂಬಾನೂ ಹಾದೈತಿ" ಅಂದಳು ಖಾಜಾಬಿ,
"ಗುಳ್ಳವ್ವನ ಮಣ್ಣೂ ಹಾದೈತಿ.
ಹ್ವಾದ ತಿಂಗಳ ಇಕಿ ಪಿಂಚಣಿ ಓಟಿಪಿ
ನನ್ನ ಮೊಮ್ಮಗ ಓದಿ ಹೇಳಿದ್ದೂ ಅದರಾಗಿಂದನ."

ಪರದೆಯ ಮೇಲೆ ಚಕ್ಕುಬಂದಿ ತೆರೆದೆ.
ರಸ್ತೆ. ನಿವೇಶನ. ಸರ್ಕಾರಿ ಜಾಗ. ಇತರೆ.
ಕಿಂಡಿ ಇಲ್ಲ.
"ಇಲ್ಲೇ ಒತ್ರಿ ಕಾಕಾ" ಅಂದಳು ಆಪರೇಟರ್ ಪವಿತ್ರಾ,
"ಷರಾದಾಗ ಬರೀಬಹುದು. ನೂರಿಪ್ಪತ್ತ ಅಕ್ಷರ, ಅಷ್ಟ.
ನಡುವ ಖಾಲಿ ಬಿಟ್ರ ಅದನ್ನೂ ಎಣಸ್ತದ."

ಖಾಲಿಯನ್ನೂ ಎಣಿಸುವ ಯಂತ್ರ!
ಅದರ ಮೇಲೆ ಮೊದಲ ಸಲ ಸ್ವಲ್ಪ ಪ್ರೀತಿ ಬಂತು.

"ಕಿಂಡಿ ಯಾಕ್ರಿ ಗೋದಾಮಿಗೆ, ಇಲಿ ಬರ್ತಾವು" ಅಂದ ಮುರಿಗೆಪ್ಪ.
"ಗೋದಾಮಿನಾಗೂ ರಾತ್ರಿ ಒಬ್ಬಾಂವ ಮಲಗ್ತಾನ,
ಅವಗ ನೀರಡಿಕಿ ಆಗೂದಿಲ್ಲೇನು?"
ಬನಶಂಕರೆವ್ವ ಪತ್ರ ಮಡಚತೊಡಗಿದಳು.
ಮುಂಗಡ ಕೊಟ್ಟವನು ಫೋನು ನೋಡಿದ,
ಬೇವಿನ ಮರ ನೋಡಿದ.
"ಆತು. ಜಾಳಗಿ ಕುಂದರಸ್ತೀನಿ."

ಕೆಂಡ ಅಳಿಸಿದೆ. ಮಜ್ಜಿಗೆ ಅಳಿಸಿದೆ.
ತಂಟೆ ಹೋಯಿತು, ತಕರಾರೂ ಹೋಯಿತು.
ಉಳಿದದ್ದು ಇಷ್ಟು:
'ಪಡುವಲ ಕಿಂಡಿ ಸಾಮಾಯಿಕ. ಜಾಳಗಿ ಹಾಕಬಹುದು. ಮುಚ್ಚತಕ್ಕದ್ದಲ್ಲ.'
ಇನ್ನೂ ಒಂದಿಷ್ಟು ಅಕ್ಷರ ಮಿಕ್ಕಿದ್ದವು.
ಕೈ ತಡೆಯಲಿಲ್ಲ, 'ಆಚಂದ್ರಾರ್ಕ' ಒತ್ತಿದೆ.
ಸರ್ವರ್ ಬಿತ್ತು.

ಮಧ್ಯಾಹ್ನವೆಲ್ಲ ಕಾದೆವು.
ಖಾಜಾಬಿಯ ಡಬ್ಬಿಯ ರೊಟ್ಟಿ ನಾಲ್ಕು ಕಡೆ ಹಂಚಿತು,
ಮುರಿಗೆಪ್ಪನೂ ತಿಂದ, ಚಟ್ನಿ ಇನ್ನಷ್ಟು ಕೇಳಿ.
ನಾಲ್ಕಕ್ಕೆ ಕಾಗದ ಹೊರಬಂತು, ಇನ್ನೂ ಬೆಚ್ಚಗೆ.
ನನ್ನ ಫೀ ಮಾತ್ರ ಬಂದಿರಲಿಲ್ಲ, ಫೋನು ಸುಮ್ಮನಿತ್ತು.

"ಇದರಾಗ ಕಿಂಡಿ ಎಲ್ಲೈತಿ?" ಕೇಳಿದಳು ಖಾಜಾಬಿ.
ಓದು ಬಾರದವಳಿಗೆ ಷರಾ ಹೇಗೆ ತೋರಿಸಲಿ?
ಕೆಳಮೂಲೆಯಲ್ಲಿ ಖಣದ ನೇಯ್ಗೆಯಂಥ
ಕಪ್ಪು ಬಿಳಿ ಚೌಕವಿತ್ತು. ಬೆರಳಿಟ್ಟು ತೋರಿಸಿದೆ.
ಆಕೆ ಹೆಬ್ಬೆರಳಿಂದ ಮೆತ್ತಗೆ ಒತ್ತಿ ನೋಡಿದಳು,
ಕಾಗದದ ಆ ಬದಿಗೆ
ಬನಶಂಕರೆವ್ವ ಅಂಗೈ ಹಿಡಿದಳು.