ಮುಂದಿನ ಗಾಲಿ

ಗಾಜಿನ ಬಾಗಿಲೊಳಗೆ ಏಸಿ, ನೆಲಕ್ಕೆ ಬಿಳಿ ಟೈಲ್ಸು.
ಫೆಲಿಕ್ಸ್ ಒಂದೇ ಬೆರಳಲ್ಲಿ ತಳ್ಳಿ ತೋರಿಸಿದ:
ನೋಡಿ ಸರ್, ಬೆಣ್ಣೆ.
ಟೈಲ್ಸಿನ ಮೇಲೆ ಕಪಾಟೂ ಓಡುತ್ತದೆ ಮಾರಾಯ,
ಎಂದೆ. ನನ್ನ ಖಾಕಿ ಅಂಗಿ ನೋಡಿ ಸುಮ್ಮನಾದ.

ಹದಿನೇಳು ವರ್ಷ ಮೂರು ಗಾಲಿಯ ಮೇಲೆ ಕೂತವನು ನಾನು.
ಕಾರವಾರದ ಯಾವ ಗುಂಡಿ ಯಾವ ತಿಂಗಳಲ್ಲಿ ಎಷ್ಟು ಆಳ
ಬೆನ್ನೇ ಹೇಳುತ್ತದೆ, ಕಣ್ಣು ಬೇಕಾಗಿಲ್ಲ.

ನಾಲ್ಕು ಗಾಲಿಯದ್ದೇ ಇರಲಿ, ಅಂದಳು ಸುಗಂಧಾ.
ಮಂಚಕ್ಕೆ ನಾಲ್ಕು ಕಾಲು, ಹಸುವಿಗೆ ನಾಲ್ಕು,
ಮಾಡಿದವರು ದಡ್ಡರೇ?
ಒಲೆಗೆ ಮೂರೇ ಕಲ್ಲು, ಅಂದೆ.
ನಾಲ್ಕಿಟ್ಟರೆ ಒಂದು ಸದಾ ಸುಳ್ಳು ಹೇಳುತ್ತದೆ,
ಮಡಕೆ ಕುಣಿಯುತ್ತದೆ.
ಒಲೆಯನ್ನು ಯಾರೂ ಕೋಡಿಬಾಗಕ್ಕೆ ತಳ್ಳಿಕೊಂಡು ಹೋಗುವುದಿಲ್ಲ,
ಅಂದಳು.

ನಿಜ. ಹೋಗುವುದಿಲ್ಲ.
ಅಲ್ಲಿಗೆ ನನ್ನ ಮಾತು ನಿಂತಿತು.

ಯಾಕೆಂದರೆ ಮೂರು ಗಾಲಿ ನೇರ ದಾರಿಯಲ್ಲಿ ಬೀಳುವುದಿಲ್ಲ,
ತಿರುವಿನಲ್ಲಿ ಬೀಳುತ್ತದೆ.
ಫೆಲಿಕ್ಸನ ಬಣ್ಣದ ಕಾಗದದಲ್ಲಿ ಇದನ್ನು ಬರೆದಿಲ್ಲ.
ಬಿಣಗಾದ ಇಳಿಜಾರು, ನನ್ನ ಮದುವೆಗೆ ಮುಂಚೆ.
ಎರಡು ಬುಟ್ಟಿ ಬಂಗಡೆ, ಶೇವಂತಿಬಾಯಿ, ನಾನು.
ಮಗ್ಗುಲಾಗಿ ಮಲಗಿದ ಆಟೋದ ಮುಂದಿನ ಗಾಲಿ
ಗಾಳಿಯಲ್ಲಿ ತಿರುಗುತ್ತಲೇ ಇತ್ತು,
ತನಗಿನ್ನೂ ಬಾಡಿಗೆ ಇದೆ ಎಂಬ ಹಾಗೆ.
ಅವಳ ಮೊಣಕೈಯಿಂದ ರಕ್ತ. ಬೈಯಲಿಲ್ಲ.
ಮೀನು ಎಣಿಸು, ಅಂದಳು.
ಎಣಿಸಿದೆ. ಡಾಂಬರಿನ ಮೇಲೆ, ಲಾಂಟಾನದ ಬುಡದಲ್ಲಿ,
ನೂರಾ ಹನ್ನೆರಡು.
ಈಗಲೂ ಮೀನುಪೇಟೆಯಲ್ಲಿ ಸಿಕ್ಕರೆ
ಒಂದು ಹೆಚ್ಚಿಗೆ ಹಾಕುತ್ತಾಳೆ, ಯಾಕೋ ಗೊತ್ತಿಲ್ಲ.
ಕೊಡಬೇಕಾದವನು ನಾನು.

ಸುಗಂಧಾಗೆ ಇದ್ಯಾವುದೂ ಗೊತ್ತಿಲ್ಲ.
ಅವಳಿಗೆ ಕಾಣುವುದು ಇಷ್ಟೇ: ಗಂಡ ಮೊಣಕಾಲೂರಿ
ಹಿಂದಿನ ಗಾಲಿಗಳ ನಡುವೆ ಗೇಣು ಹಾಕುತ್ತಿದ್ದಾನೆ.
ಒಂದಕ್ಕೆ ಎರಡು ಗೇಣು, ನಾಲ್ಕು ಬೆರಳು.
ಇನ್ನೊಂದಕ್ಕೆ ಎರಡೂವರೆ.

ಎರಡೂವರೆಯದನ್ನು ಬೀದಿಗಿಳಿಸಿದೆ.
ಓವಿಯ ಜಾಗದಲ್ಲಿ ನೀರಿನ ಕ್ಯಾನು, ಪಾನಾ ಚೀಲ,
ಬೆಲ್ಟು ಬಿಗಿದೆ.
ಚರಂಡಿಯ ಮುರಿದ ಚಪ್ಪಡಿ ಹತ್ತಿಸಿದೆ, ಹತ್ತಿತು.
ಸ್ಟ್ಯಾಂಡಿನಿಂದ ನಮ್ಮವರೇ ಕೂಗಿದರು:
ಏ, ಪರ್ಮಿಟ್ ಉಂಟಾ? ಮೀಟರ್ ಎಲ್ಲೋ?
ಜೋರಾಗಿ ತಿರುಗಿಸಿದೆ.
ಎಡಗಾಲಿ ನೆಲ ಬಿಟ್ಟಿತು. ಒಂದು ಬೆರಳಿನಷ್ಟು.
ಹೊಟ್ಟೆಯೊಳಗೆ ಬಂಗಡೆಗಳೆಲ್ಲ ಚೆಲ್ಲಿದವು.

ಇನ್ನೊಮ್ಮೆ, ಮೆಲ್ಲಗೆ. ಬಿಡಲಿಲ್ಲ.
ಮತ್ತೊಮ್ಮೆ. ಬಿಡಲಿಲ್ಲ.
ಹಾಗೇ ಬಿಸಿಲಲ್ಲಿ ಎಂಟು ಸಲವೋ ಹತ್ತು ಸಲವೋ
ನೀರಿನ ಕ್ಯಾನನ್ನು ಸುತ್ತಾಡಿಸಿದೆ,
ನಗುತ್ತಿದ್ದವರಿಗೆ ಬೇಜಾರು ಬರುವವರೆಗೆ.

ಒಳಗೆ ಬಂದರೆ ಸುಗಂಧಾ ತುಟಿಗೆ ಬೆರಳಿಟ್ಟಳು.
ಸಾಲಿನ ಕೊನೆಯಲ್ಲಿ, ನಾನು ಗೇಣು ಹಾಕದೇ ಬಿಟ್ಟಿದ್ದ
ಒಂದೇ ಒಂದು ಗಾಡಿಯಲ್ಲಿ, ಕಿತ್ತಳೆ ಬಣ್ಣದ ಮುಸುಕಿನಡಿ
ಓವಿ ನಿದ್ದೆ ಹೋಗಿದ್ದಳು.
ಹಲ್ಲು ಬರುತ್ತಿದೆ, ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ,
ಅವಳಿಗೂ, ನಮಗೂ, ಗೋಡೆಯಾಚೆಯ ಗುನಗಿ ಮಾಸ್ತರರಿಗೂ.
ಫೆಲಿಕ್ಸ್ ಹಾಡು ನಿಲ್ಲಿಸಿದ್ದ,
ಏಸಿಯ ಗಾಳಿಯನ್ನು ಬೇರೆ ಕಡೆ ತಿರುಗಿಸಿದ್ದ.
ಬಗ್ಗಿ ಗಾಲಿ ಎಣಿಸಿದೆ. ಮೂರು.
ಬೆಲೆಯ ಚೀಟಿ ತಿರುಗಿಸಿ ನೋಡಿದೆ,
ಮತ್ತೆ ಹಾಗೇ ತಿರುಗಿಸಿಟ್ಟೆ.

ಎಬ್ಬಿಸಲೇ?
ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆಟೋ ಅಂಗಡಿಯ ಮುಂದೆಯೇ ನಿಂತಿತು.
ಗ್ರೀನ್ ಸ್ಟ್ರೀಟಿನಲ್ಲಿ ನಾನು ನಡೆದೆ,
ಮೂಲೆ ಬಂದಾಗಲೆಲ್ಲ
ತುಂಬಿದ ಕೊಡ ತಿರುಗಿಸುವಂತೆ ತಿರುಗಿಸುತ್ತ.
ಹಿಂದೆ ಸುಗಂಧಾ, ಒಂದು ಕೈಯಲ್ಲಿ ನನ್ನ ಪಾನಾ ಚೀಲ.
ಸಮುದ್ರದ ಗಾಳಿಗೆ ಚೀಟಿ ಪಟಪಟ.

ಖಾಕಿ ಕಂಡು ಯಾರೋ ಬಸ್‌ಸ್ಟಾಪಿನಿಂದ ಕೇಳಿದರು:
ಕೋಡಿಬಾಗಕ್ಕೆ ಬರ್ತೀರಾ?

ಅಲ್ಲಿಗೇ, ಅಂದೆ ಪಿಸುಮಾತಿನಲ್ಲಿ.
ಸೀಟಿಲ್ಲ.